ಆ ಸುರಾಹಿ ಅಪ್ಪನ ಅಂಗಡಿಗೆ ಹೇಗೆ ಬಂತು?

ಬೀದರಿನ ಗೆಳೆಯರೇ, ನಮಸ್ಕಾರ.

1948ರ ಬೀದರಿನ ಹುಡುಗನೊಬ್ಬನ ಬಗ್ಗೆ, ಅವನ ಪಕ್ಕದ ಮನೆಯ ಚಾಚಾನ ಬಗ್ಗೆ ನೀವು ಬರೆದ ಹನ್ನೊಂದು ಪುಟದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಗೆ ತೆಗೆದುಕೊಳ್ಳಲಾರೆ. ಹಾಗಂತ ಒಂದು ಸಾಲಿನ ಚೀಟಿ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಒಂಬತ್ತನೇ ಪುಟದಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲೆರಡು ಪುಟ ಹರಿದು ಹಾಕಿರಿ. ಅದು ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣ, ಕಥೆಯಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗೆ ಬಂದದ್ದು, ಐದನೇ ದಿನಕ್ಕೆ ನಿಜಾಮ ಮಣಿದದ್ದು, ಜನರಲ್ ಚೌಧುರಿ ಮಿಲಿಟರಿ ಗವರ್ನರ್ ಆದದ್ದು, ಎಲ್ಲ ಸರಿಯಾಗಿಯೇ ಇದೆ. ಆದರೆ ಒಂಬತ್ತು ವರ್ಷದ ಹುಡುಗನಿಗೆ ಇದನ್ನೆಲ್ಲ ಯಾರು ಹೇಳಿದರು? ಅವನ ಬಾಯಲ್ಲಿ ‘ಕಲ್ಯಾಣ ಕರ್ನಾಟಕ’ ಅಂತ ಬೇರೆ ಅನ್ನಿಸಿದ್ದೀರಿ. ಸರ್ಕಾರ ಆ ಹೆಸರಿಟ್ಟದ್ದು 2019ರಲ್ಲಿ. ಹುಡುಗ ಕಂಡದ್ದು ನಿಮ್ಮ ಮೂರನೇ ಪುಟದಲ್ಲಿದೆ: ಪಾಟಿಯ ಮೇಲೆ ಉರ್ದುವಿನ ಅಲಿಫ್ ಬೇ ತಿದ್ದುತ್ತಿದ್ದವನು ಸಾಲಿ ಬಂದಾಯ್ತು ಅಂತ ಓಣಿ ತುಂಬ ಕುಣಿದ. ಸೇನೆಯ ಆ ‘ಪೊಲೀಸ್ ಆಕ್ಷನ್’ ಅವನಿಗೆ ಅಷ್ಟೇ. ಕಥೆ ಅಲ್ಲಿಂದ ಶುರುವಾಗಲಿ.

ಇನ್ನು ಪಕ್ಕದ ಮನೆಯ ಬಿದರಿ ಕೆಲಸದ ಚಾಚಾ, ಮತ್ತು ಅವನು ಮಾಡಿದ ಸುರಾಹಿ, ಆ ಉದ್ದ ಕತ್ತಿನ ಹೂಜಿ. ‘ಚಾಚಾ ಸುರಾಹಿಗೆ ಕಪ್ಪು ಬಣ್ಣ ಬಳಿದ’ ಅಂತ ಬರೆದಿದ್ದೀರಿ. ಬೀದರಿನವರಾಗಿ ಈ ಮಾತು ಬರೆಯಬಹುದೇ? ಬಿದರಿಯಲ್ಲಿ ಬಳಿಯುವ ಬಣ್ಣ ಎಲ್ಲಿದೆ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಉಳಿ ಹಿಡಿದಾಗ ಗೆರೆ ಕಣ್ಣಿಗೆ ಕಾಣಲಿ ಅಂತ ಮೈಲುತುತ್ತದ ನೀರು ಸವರುತ್ತಾರೆ. ಅದು ತಾತ್ಕಾಲಿಕ ಕಪ್ಪು. ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದು, ಮತ್ತೆ ಉಜ್ಜಿದರೆ ಆ ಕಪ್ಪು ಹೋಗಿ ಬೆಳ್ಳಿ ಯಾವುದು, ಸತು ಯಾವುದು ಗೊತ್ತಾಗುವುದೇ ಇಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ನೀರಿನ ಪಾತ್ರೆಯೊಳಗೆ ಇಳಿಸುತ್ತಾರೆ. ಮೈಯೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಹೌದೋ ಅಲ್ಲೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ನಿಮ್ಮ ಹುಡುಗ ಚಾಚಾನ ಬೆನ್ನು ಹತ್ತಿ ಕೋಟೆಗೆ ಹೋಗುತ್ತಾನಲ್ಲ, ಅವನ ನಾಲಿಗೆಗೂ ಒಂದು ಚಿಟಿಕೆ ಮಣ್ಣು ತಾಗಿಸಬಾರದೇ? ‘ಇಬ್ಬರ ನಡುವೆ ಅವಿನಾಭಾವ ಸಂಬಂಧವಿತ್ತು’ ಎಂಬ ಸಾಲು ಆಗ ತಾನೇ ಉದುರುತ್ತದೆ.

ಮಾತಿನ ವಿಷಯ. ನಿಮ್ಮ ಅವ್ವ ‘ಏನು ಮಾಡುತ್ತಿದ್ದೀಯ ಮಗು, ಊಟವಾಯಿತೇ’ ಅನ್ನುತ್ತಾಳೆ. ಯಾವ ಓಣಿಯ ಅವ್ವ ಇವಳು? ‘ಏನ್ ಮಾಡ್ಲತ್ತಿದಿ, ಉಂಡಿ ಇಲ್ಲೋ’ ಅನ್ನಲಿ. ಬೆಂಗಳೂರಿನ ಓದುಗರಿಗೆ ತಿಳಿಯಲಿಕ್ಕಿಲ್ಲ ಅಂತ ಅಂಜಬೇಡಿ, ಎರಡನೇ ಸಲಕ್ಕೆ ತಿಳಿಯುತ್ತದೆ. ಚಾಚಾನ ಮನೆಯ ಖಾಲಾ ಮಾತ್ರ ಜೀವಂತ ಇದ್ದಾಳೆ. ‘ನಕ್ಕೋ ರೋ ಬೇಟಾ’, ಅಳಬೇಡ ಮಗಾ, ಅಂತ ಅವಳು ಹುಡುಗನ ಮೂಗು ಒರೆಸುವಲ್ಲಿ ಒಂದಕ್ಷರ ಮುಟ್ಟಬೇಡಿ.

1949ರಲ್ಲಿ ಅಪ್ಪ ಹುಡುಗನ ಕೈಗೆ ಹತ್ತು ಪೈಸೆಯ ನಾಣ್ಯ ಇಡುವುದು ಹೇಗೆ? ನಯಾ ಪೈಸೆ ಬಂದದ್ದು 1957ಕ್ಕೆ. ಆಗ ನಮ್ಮಲ್ಲಿ ನಡೆಯುತ್ತಿದ್ದದ್ದು ಆಣೆ, ಚಾರ್‌ಮಿನಾರ್ ಅಚ್ಚಿನ ನಿಜಾಮನ ರೂಪಾಯಿ, ಅಂದರೆ ಹಾಲಿ ಸಿಕ್ಕಾ. ಇಂಗ್ಲಿಷರ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್. ಕಿರಾಣಿ ಅಂಗಡಿಯವನ ಮಗ ಈ ಲೆಕ್ಕ ಬಾಯಿಪಾಠ ಮಾಡಿರುತ್ತಾನೆ. ನೆನಪಿಟ್ಟುಕೊಳ್ಳಿ, ಕೆಳಗೆ ಇದರ ಕೆಲಸ ಇದೆ.

ಆರನೇ ಪುಟದ ಕೊನೆಗೆ ನನಗೆ ಸಿಟ್ಟೇ ಬಂತು. ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರ ಹಾವಳಿ, 1948ರ ಮೇ ತಿಂಗಳಲ್ಲಿ ಅವರು ಗೋರಟಾ ಊರಿನಲ್ಲಿ ನಡೆಸಿದ ಹತ್ಯಾಕಾಂಡ ಬರೆದಿದ್ದೀರಿ. ಬರೆಯಲೇಬೇಕು. ಅದರ ಬೆನ್ನಿಗೇ ‘ಸೆಪ್ಟೆಂಬರ್ ನಂತರ ಎಲ್ಲೆಡೆ ಶಾಂತಿ ನೆಲೆಸಿತು’ ಅಂತ ಒಂದು ಸಾಲು. ನೆಲೆಸಿದ್ದರೆ ಚಾಚಾ, ಖಾಲಾ ರಾತ್ರೋರಾತ್ರಿ ಮಕ್ಕಳನ್ನು ಎತ್ತಿಕೊಂಡು ಊರು ಬಿಟ್ಟದ್ದು ಯಾತಕ್ಕೆ? ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಜೊತೆಯವರು ಆಮೇಲೆ ಇಲ್ಲೆಲ್ಲ ತಿರುಗಿ ಕೊಟ್ಟ ವರದಿ, ಮುಸಲ್ಮಾನರ ಮೇಲೆ ಅತಿ ಹೆಚ್ಚು ಹಿಂಸೆ ನಡೆದ ನಾಲ್ಕು ಜಿಲ್ಲೆಗಳಲ್ಲಿ ನಿಮ್ಮ ಬೀದರನ್ನೂ ನಮ್ಮ ಗುಲ್ಬರ್ಗಾವನ್ನೂ ಹೆಸರಿಸಿದೆ. ಉಳಿದೆರಡು ಉಸ್ಮಾನಾಬಾದ್ ಮತ್ತು ನಾಂದೇಡ್. ವರದಿಯನ್ನು ಕಥೆಯೊಳಗೆ ತುರುಕಿರಿ ಅನ್ನುತ್ತಿಲ್ಲ. ಖಾಲಾಳ ಒಲೆಯ ಮೇಲೆ ಅರ್ಧ ಬೆಂದ ಬ್ಯಾಳಿ ಇತ್ತು ಅಂತ ನೀವೇ ಬರೆದಿದ್ದೀರಿ. ಅಷ್ಟು ಸಾಕು. ಆ ಶಾಂತಿಯ ಸಾಲು ಹೊಡೆದು ಹಾಕಿರಿ.

ಈಗ ಒಂಬತ್ತನೇ ಪುಟ. ‘ಚಾಚಾನ ಸುರಾಹಿ ಅಪ್ಪನ ಅಂಗಡಿಯ ಗೂಡಿನಲ್ಲಿ ಇತ್ತು’ ಎಂದು ಬರೆದು, ಮುಂದಿನ ಸಾಲಿಗೇ ಮೊಹರಮ್ಮಿನ ವರ್ಣನೆಗೆ ಹಾರಿದ್ದೀರಿ. ಅಲ್ಲ ಮಾರಾಯರೇ, ಅದು ಅಲ್ಲಿಗೆ ಹೇಗೆ ಬಂತು? ಚಾಚಾ ಕೊಟ್ಟು ಹೋದನೇ? ಅಪ್ಪ ಜೋಪಾನಕ್ಕೆ ತಂದಿಟ್ಟನೇ? ಕೀಲಿ ಮುರಿದು ಎತ್ತಿಕೊಂಡು ಬಂದವರಿಂದ ಅಗ್ಗಕ್ಕೆ ಕೊಂಡನೇ? ಹುಡುಗ ದೊಡ್ಡವನಾಗುವುದು ಈ ಪ್ರಶ್ನೆ ಹೊಟ್ಟೆಯೊಳಗೆ ಇಳಿದ ದಿನ. ಮಿಲಿಟರಿ ಟ್ರಕ್ಕು ನೋಡಿದ ದಿನ ಅಲ್ಲ. ನಿಮಗೂ ಅದು ಗೊತ್ತಿದೆ, ಇಲ್ಲದಿದ್ದರೆ ಆ ಸಾಲು ಬರುತ್ತಲೇ ಇರಲಿಲ್ಲ. ಅಪ್ಪನನ್ನು ಕಳ್ಳ ಮಾಡಲು ಕೈ ನಡುಗಿರಬೇಕು. ಇದು ನಿಮ್ಮ ಮನೆಯ ಅಜ್ಜನ ಕಥೆ ಅಂತ ಪತ್ರದಲ್ಲಿ ಬರೆದಿದ್ದೀರಿ, ಸಂಕಟ ಅರ್ಥವಾಗುತ್ತದೆ. ಅಪ್ಪ ಕಳ್ಳನೇ ಆಗಬೇಕಿಲ್ಲ. ಚಾಚಾ ತಿರುಗಿ ಬಂದಾಗ ಅಪ್ಪ ಹಳೇ ಲೆಕ್ಕದ ವಹಿ ತೆಗೆದು ‘ನಿನ್ನ ಬಾಕಿ 42 ಹಾಲಿ’ ಅನ್ನಲಿ, ಸುರಾಹಿ ಆ ಬಾಕಿಗೆ ಜಮಾ ಆಯಿತು ಅನ್ನಲಿ. ಹುಡುಗ ಮನಸ್ಸಿನಲ್ಲೇ 36 ಕಲ್ದಾರ್ ಅಂತ ಎಣಿಸಿ, ಸುರಾಹಿಯ ಬೆಲೆ ಅದರ ಎಷ್ಟು ಪಟ್ಟು ಅಂತ ಚಾಚಾನ ಮುಖ ನೋಡಲಿ. ಇದು ನನಗೆ ಹೊಳೆದದ್ದು, ಇದನ್ನೇ ಬರೆಯಬೇಕೆಂದಿಲ್ಲ. ನಿಮ್ಮ ಅಜ್ಜ ಈ ಜಾಗದಲ್ಲಿ ಏನು ಹೇಳಿ ಸುಮ್ಮನಾಗುತ್ತಿದ್ದರು, ಅದನ್ನು ನೆನಪಿಸಿಕೊಳ್ಳಿ.

ಕೊನೆಯ ಪುಟದಲ್ಲಿ ಮುದುಕನಾದ ಹುಡುಗ ‘ಮಾನವೀಯತೆಯೇ ದೊಡ್ಡ ಧರ್ಮ’ ಅಂತ ಮೊಮ್ಮಕ್ಕಳಿಗೆ ಹೇಳುತ್ತಾನೆ. ತೆಗೆಯಿರಿ.

ಇನ್ನೊಂದು. ಊರು ಬಿಡುವ ರಾತ್ರಿ ಖಾಲಾ ತನ್ನ ಮನೆಯ ಕೀಲಿಕೈಯನ್ನು ಅವ್ವನ ಕೈಗೆ ಕೊಟ್ಟು ಹೋಗುತ್ತಾಳೆ, ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಆಮೇಲೆ ಆ ಗಂಟಿನ ಸುದ್ದಿಯೇ ಇಲ್ಲ. ಗೂಡಿನಲ್ಲಿ ಸುರಾಹಿ ಕಂಡ ದಿನ ಅವ್ವನ ಕೈ ಸೆರಗಿಗೆ ಹೋಯಿತೋ ಇಲ್ಲವೋ? ಇದಿಷ್ಟು ತಿದ್ದಿ ಎಂಟು ಪುಟಕ್ಕೆ ಇಳಿಸಿ ಕಳಿಸಿರಿ. ಅವಸರ ಇಲ್ಲ, ದೀಪಾವಳಿ ಸಂಚಿಕೆ ಹೇಗೂ ತುಂಬಿದೆ.