ರಿಫ್ ಅಲ್ಲ, ಲೆಹರಾ

ಪ್ರಶ್ನೆ: ಬ್ರಿಟನ್ನಿನ ಜಾಜ್-ರಾಕ್ ಬ್ಯಾಂಡ್ ಸಾಫ್ಟ್ ಮಶಿನ್ ಅನ್ನು ಅದರ ವಾದಕ, ಸಂಯೋಜಕ ಕಾರ್ಲ್ ಜೆಂಕಿನ್ಸ್ ಕೆಡಿಸಿದರು. ‘ಥರ್ಡ್’ ಆಲ್ಬಮ್ಮಿನಲ್ಲಿದ್ದ ಕಾವು ‘ಬಂಡಲ್ಸ್’ನಲ್ಲಿಲ್ಲ. ಎಲ್ಲ ನುಣುಪು, ಬರೆದದ್ದನ್ನು ಒಪ್ಪಿಸಿದ ಹಾಗೆ. ತಬಲಾ ನುಡಿಸುವ ನನಗೆ ಇದು ಸಪ್ಪೆ. ನೀವೇನನ್ನುತ್ತೀರಿ?
– ಓದುಗರು, ವಿಜಯಪುರ

ಸಂಪಾದಕರ ಉತ್ತರ: ಕಾವು ಇಳಿದದ್ದು ಹೌದು. ಆದರೆ ಜೆಂಕಿನ್ಸ್ ತಲೆಗೆ ಕಟ್ಟುವ ಮುನ್ನ 1972ರ ‘ಫಿಫ್ತ್’ ಹಾಕಿ ಕೇಳಿ. ಅದರಲ್ಲಿ ಅವರಿಲ್ಲವೇ ಇಲ್ಲ. ಮೊದಲ ಬದಿಗೆ ಡ್ರಮ್ಸ್ ಫಿಲ್ ಹೊವರ್ಡ್, ಎರಡನೆಯದಕ್ಕೆ ಜಾನ್ ಮಾರ್ಷಲ್. ಹೊವರ್ಡ್ ಕೈಯಲ್ಲಿ ಲಯ ಚೆಲ್ಲಾಡುತ್ತದೆ, ಸಮ್ (ತಾಳದ ಮೊದಲ ಪೆಟ್ಟು) ಎಲ್ಲಿ ಬಿತ್ತೆಂದು ಹುಡುಕಬೇಕು. ರೆಕಾರ್ಡು ಮಗುಚಿದರೆ ಮಾರ್ಷಲ್ ಅಳತೆ ತಪ್ಪದೆ ಲೆಕ್ಕ ಕೊಡುತ್ತಾರೆ. ಬ್ಯಾಂಡು ಹೊರಳಿದ್ದು ಅಲ್ಲೇ. ಸ್ಯಾಕ್ಸೊಫೋನಿನ ಎಲ್ಟನ್ ಡೀನ್ ಬಿಟ್ಟ ಮೇಲೆ ಜೆಂಕಿನ್ಸ್ ಬಂದರು. ಮಾರ್ಷಲ್, ಜೆಂಕಿನ್ಸ್ ಇಬ್ಬರೂ ನ್ಯೂಕ್ಲಿಯಸ್ ಬ್ಯಾಂಡಿನವರು.

ವಾದ್ಯದ ಪಾಲೂ ಇದೆ. ಬ್ಯಾಂಡಿನ ಕೀಬೋರ್ಡ್ ವಾದಕ ಮೈಕ್ ರಾಟ್ಲೆಜ್ ತಮ್ಮ ಲೌರಿ ಆರ್ಗನ್ನನ್ನು ದನಿಯನ್ನು ಒರಟು ಮಾಡುವ ಫಜ್ ಪೆಟ್ಟಿಗೆಗೆ ಜೋಡಿಸುತ್ತಿದ್ದರು. ಕೀಯಿಂದ ಬೆರಳೆತ್ತಿದರೆ ಸ್ಪೀಕರ್ ಕೂಗಿಕೊಳ್ಳುತ್ತಿತ್ತು. ಹಾಗಾಗಿ ನಡುವೆ ಬಿಡುವಿಲ್ಲದೆ ಸ್ವರ ಸುರಿಯುತ್ತಲೇ ಇರಬೇಕು! ನೀವು ಕಾವೆನ್ನುವುದರಲ್ಲಿ ಅರ್ಧ ಈ ಅನಿವಾರ್ಯದ್ದು. ಎಲೆಕ್ಟ್ರಿಕ್ ಪಿಯಾನೊಗೆ ಆ ಕಾಟವಿಲ್ಲ. ಜಾಗ ಬಿಟ್ಟು ನುಡಿಸಬಹುದು, ಒಂದು ತುಣುಕಿನ ಮೇಲೆ ಇನ್ನೊಂದನ್ನು ಹೆಣೆಯಬಹುದು. 1973ರ ‘ಸಿಕ್ಸ್’ನ ಸ್ಟುಡಿಯೊ ತಟ್ಟೆಯಲ್ಲಿ ಜೆಂಕಿನ್ಸ್ ಮಾಡಿದ್ದು ಇದನ್ನೇ.

ತಬಲಾದವರು ನೀವು, ಜೆಂಕಿನ್ಸ್‌ರ ರಿಫ್ ಅನ್ನು, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಸಾಲನ್ನು, ಬಂದಿಶ್ (ಕಟ್ಟಿಟ್ಟ ರಚನೆ) ಎಂದು ಕೇಳಬೇಡಿ, ಲೆಹರಾ ಅಂದುಕೊಳ್ಳಿ, ತಬಲಾಕ್ಕೆ ತಾಳದ ಲೆಕ್ಕ ಹಿಡಿದುಕೊಡುವ ಸಾಲು. ನಮ್ಮ ಬೆಳಗಾವಿಯ ಬೈಠಕ್ಕುಗಳಲ್ಲಿ ಹಾರ್ಮೋನಿಯಂ 16 ಮಾತ್ರೆಯ ಅದೇ ಸಾಲನ್ನು ಅರ್ಧ ತಾಸು ತಿರುಗಿಸಿದರೂ ಯಾರೂ ಗೊಣಗುವುದಿಲ್ಲ, ಕಿವಿ ತಬಲಾದ ಮೇಲಿರುತ್ತದೆ. ‘ಬಂಡಲ್ಸ್’ನ (1975) ‘ಹಜಾರ್ಡ್ ಪ್ರೊಫೈಲ್’ ಮೊದಲ ಭಾಗದ ರಿಫ್ ಹೊಸದೂ ಅಲ್ಲ, ಜೆಂಕಿನ್ಸ್ ನ್ಯೂಕ್ಲಿಯಸ್‌ಗೆ ಬರೆದಿದ್ದದ್ದು. ಅದರ ಮೇಲೆ ಅಲನ್ ಹೋಲ್ಡ್ಸ್‌ವರ್ತ್ ಗಿಟಾರ್. ಅವರು ಪ್ರತಿ ಸ್ವರಕ್ಕೂ ತಂತಿ ಮೀಟುವುದಿಲ್ಲ. ಹೆಚ್ಚಿನವನ್ನು ಎಡಗೈ ಬೆರಳು ಒತ್ತಿ, ಎತ್ತಿಯೇ ಹೊರಡಿಸುತ್ತಾರೆ. ಅದಕ್ಕೇ ಅವು ಗಾಯಕರ ತಾನಿನಂತೆ ಜಾರುತ್ತವೆ. ನಿಮಗೆ ನುಣುಪು ಎನಿಸಿದ್ದು ಇದೇ ಇರಬೇಕು, ಆದರೆ ಇದು ಬರೆದಿಟ್ಟದ್ದಲ್ಲ. ಒಮ್ಮೆ ಬಾಸ್ ಗಿಟಾರಿನ ಸಾಲನ್ನು ಅನುಸರಿಸಿ ತಾಳ ಹಾಕಿ. ಆವರ್ತನ ಕೈಗೆ ಕೂತ ಮೇಲೆ ಗಿಟಾರ್ ಒಂದನ್ನೇ ಕೇಳಿ.

ಮೇಲೆ ಕಟ್ಟುವವರಲ್ಲಿ ಸರಕಿಲ್ಲದಾಗ ಲೆಹರಾ ಬೆತ್ತಲೆ ನಿಲ್ಲುತ್ತದೆ. ‘ಸೆವೆನ್’ ಆಲ್ಬಮ್ಮಿನ ಕೆಲವು ಚಿಕ್ಕ ತುಣುಕುಗಳ ಗತಿ ಅದೇ, ಅಲ್ಲಿ ನಿಮ್ಮ ಮಾತಿಗೆ ನಾನು ಎದುರಾಡುವುದಿಲ್ಲ. ಬ್ಯಾಂಡಿನ ಮೊದಲ ಡ್ರಮ್ಮರ್, ಗಾಯಕ ರಾಬರ್ಟ್ ವ್ಯಾಟ್ ದನಿ ಹೋದದ್ದೂ ದೊಡ್ಡ ನಷ್ಟ. ಆದರೆ ಅವರು ಬಿಟ್ಟದ್ದು 1971ರಲ್ಲಿ. ಅದನ್ನು ಜೆಂಕಿನ್ಸ್ ಖಾತೆಗೆ ಹಾಕುವಂತಿಲ್ಲ.