ಮನೆ ಅತ್ತೆಯ ಹೆಸರಿನಲ್ಲಿದ್ದರೆ ಸೊಸೆಗೆ ಜಾಗವಿಲ್ಲವೇ?

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಕಳೆದ ತಿಂಗಳು ರಾತ್ರೋರಾತ್ರಿ ನನ್ನನ್ನೂ ಮಗಳನ್ನೂ ಹೊರಹಾಕಿದರು. ಈಗ ತುಮಕೂರಿನ ತವರಿನಲ್ಲಿದ್ದೇನೆ. ದಾವಣಗೆರೆಯ ಆ ಮನೆ ಅತ್ತೆಯದು, ನನಗೆ ಹಕ್ಕಿಲ್ಲ ಎನ್ನುತ್ತಾರೆ. ಗಂಡನನ್ನು ಜೈಲಿಗೆ ಕಳಿಸುವ ಮನಸ್ಸಿಲ್ಲ. ನಮಗೊಂದು ನೆಲೆ ಸಿಕ್ಕರೆ ಸಾಕು. ಏನು ಮಾಡಲಿ?

ವಕೀಲರ ಉತ್ತರ: ತಾಯಿ, ನೀವು ಕೇಳುತ್ತಿರುವುದನ್ನೇ ಕೊಡಲು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದಿದೆ. ಜೈಲಿಗಿಂತ ಮೊದಲು ಸೂರು, ರಕ್ಷಣೆ, ಜೀವನಾಂಶ ಕೊಡಿಸುವುದು ಅದರ ಗುರಿ.

ಮನೆಪತ್ರ ಯಾರ ಹೆಸರಿನಲ್ಲಿದೆ ಎಂಬ ಮಾತಿಗೆ ಹೆದರಬೇಡಿ. ಗಂಡನ ಜೊತೆ ಸಂಸಾರ ಮಾಡಿದ ಮನೆ ಅತ್ತೆ ಮಾವನದಾಗಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಸೊಸೆ ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ, ತನ್ನದೇ ಹಳೆಯ ತೀರ್ಪನ್ನು ಬದಿಗಿಟ್ಟು ಹೇಳಿದೆ. ಇದು ಒಡೆತನವಲ್ಲ, ವಾಸದ ಹಕ್ಕು. ವಯಸ್ಸಾದ ಅತ್ತೆ ಮಾವನ ನೆಮ್ಮದಿಯನ್ನೂ ನ್ಯಾಯಾಲಯ ನೋಡುತ್ತದೆ. ಒಟ್ಟಿಗೆ ಇರಲಾಗದಿದ್ದರೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ಗಂಡನಿಗೆ ಆದೇಶಿಸಬಹುದು. ಮತ್ತೆ ಹೊಡೆತ ತಿನ್ನಲು ಅದೇ ಮನೆಗೆ ಹೋಗುವುದಕ್ಕಿಂತ ನಿಮ್ಮ ಮಟ್ಟಿಗೆ ಇದೇ ಒಳಿತೆಂದು ನನಗೆ ಅನಿಸುತ್ತದೆ.

ದಾವಣಗೆರೆಗೆ ಅಲೆಯಬೇಕಿಲ್ಲ. ನೀವು ತಾತ್ಕಾಲಿಕವಾಗಿ ನೆಲೆಸಿರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿಯೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿ. ಎಂದು ಹೊಡೆದರು, ಯಾವುದರಿಂದ ಹೊಡೆದರು, ಆ ರಾತ್ರಿ ಯಾರ ಮನೆಯ ಕದ ತಟ್ಟಿದಿರಿ, ಯಾವ ಒಡವೆ ಅಲ್ಲೇ ಉಳಿಯಿತು ಎಂಬುದೆಲ್ಲ ಅವರ ವರದಿಯಲ್ಲಿ ದಾಖಲಾಗಲಿ. ಆಸ್ಪತ್ರೆಯ ಚೀಟಿ, ಗಾಯದ ಫೋಟೊ, ಬೈದ ಸಂದೇಶ ಯಾವುದನ್ನೂ ಅಳಿಸಬೇಡಿ.

60 ದಿನಗಳಲ್ಲಿ ಅರ್ಜಿ ಇತ್ಯರ್ಥಕ್ಕೆ ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ನ್ಯಾಯಾಲಯಗಳಲ್ಲಿ ಅದಕ್ಕಿಂತ ತಡವಾಗುವುದೇ ಹೆಚ್ಚು, ಇದು ನೋವಿನ ಸಂಗತಿ. ಆದ್ದರಿಂದ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ. ರಕ್ಷಣೆಯ ಆದೇಶವನ್ನು ಗಂಡ ಮೀರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ವಕೀಲರಿಗೆ ಹಣವಿಲ್ಲವೆಂದು ಸುಮ್ಮನಾಗಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಗಂಡ ತವರಿಗೆ ಬಂದು ಗಲಾಟೆ ಮಾಡಿದರೆ 112ಕ್ಕೆ, ಸಲಹೆ ಬೇಕಾದರೆ 181ಕ್ಕೆ ಕರೆ ಮಾಡಿ.