ಕ್ಸೈಲಿಟಾಲ್ ಹಲ್ಲಿನ ತಿರುಳಿನ ಕೋಶಗಳ ಬೆಳವಣಿಗೆ ನಿಲ್ಲಿಸುತ್ತದೆಯೇ? ಸುರಕ್ಷಿತ ಡೋಸ್ ಎಷ್ಟು?

5% ಕ್ಸೈಲಿಟಾಲ್ (ಚೂಯಿಂಗ್ ಗಮ್‌ಗೆ ಹಾಕುವ ಸಿಹಿ) ಹಾಕಿದ ವೆಲ್‌ಗಳಲ್ಲಿ, ಅಂದರೆ ಪ್ಲೇಟಿನ ಸಣ್ಣ ಗುಳಿಗಳಲ್ಲಿ, ತಿರುಳಿನ ಸೆಲ್ಸ್ ಬೆಳೆಯುತ್ತಿಲ್ಲ ಎಂದು ಬರೆದಿದ್ದೀರಿ. ಓದಿದ ಕೂಡಲೇ ಕೋಲಾರದ ನನ್ನ ಪಿ.ಜಿ. ದಿನಗಳು ಕಣ್ಣ ಮುಂದೆ ಬಂದವು. ನಾನೂ ಇದನ್ನೇ ಮಾಡಿದ್ದೆ.

ಬುದ್ಧಿಹಲ್ಲು ಕೀಳಿಸಿಕೊಂಡವರ ಒಪ್ಪಿಗೆ ಪಡೆದು, ಹಲ್ಲನ್ನು ಐಸ್ ಡಬ್ಬಿಯಲ್ಲಿ ತರುತ್ತಿದ್ದೆ. ಒಡೆದರೆ ಒಳಗೆ ಸಿಗುವುದು ಗುಲಾಬಿ ಬಣ್ಣದ ಒಂದು ಸಣ್ಣ ಎಳೆ, ಅಷ್ಟೇ. ಅದರಿಂದ ಸೆಲ್ಸ್ ಬೆಳೆಸಲು ವಾರಗಟ್ಟಲೆ ಬೇಕು. ಆಮೇಲೆ 1%, 2%, 5% ಕ್ಸೈಲಿಟಾಲ್ ಹಾಕಿ, ಮೂರನೇ ದಿನ ಎಂಟಿಟಿ ಮಾಡಿದೆ; ಚಟುವಟಿಕೆ ಇರುವ ಸೆಲ್ಸ್ ಹಳದಿ ಬಣ್ಣವನ್ನು ನೇರಳೆ ಮಾಡುವ ಪರೀಕ್ಷೆ ಅದು. ಕಂಟ್ರೋಲ್ ವೆಲ್ (ಕ್ಸೈಲಿಟಾಲ್ ಹಾಕದ್ದು) ಗಾಢ ನೇರಳೆ, 5% ವೆಲ್ ಬರೀ ಹಳದಿ. ಕ್ಸೈಲಿಟಾಲ್ ತಿರುಳಿಗೆ ವಿಷ ಎಂದು ಥೀಸಿಸ್‌ನಲ್ಲಿ ಬರೆದೇಬಿಟ್ಟೆ.

ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಅರ್ಧ ವರ್ಷ ತಿಂದದ್ದು ಇದೊಂದೇ. ಕ್ಸೈಲಿಟಾಲ್‌ನ ಅಣುತೂಕ 152. 5% ಎಂದರೆ ಲೀಟರಿಗೆ 50 ಗ್ರಾಂ; ಅಷ್ಟು ಹಾಕಿದರೆ ಸುಮಾರು 330 ಮಿಲಿಮೋಲಾರ್ ಆಗುತ್ತದೆ. ಸೆಲ್ಸ್ ಬೆಳೆಸುವ ದ್ರವ, ಅಂದರೆ ಮೀಡಿಯಂ, ತಾನೇ ಸುಮಾರು 300 ಮಿಲಿಆಸ್ಮೋಲ್ (ಕರಗಿದ ಕಣಗಳ ಅಳತೆ; ಕ್ಸೈಲಿಟಾಲ್‌ಗೆ ಎರಡೂ ಒಂದೇ ಲೆಕ್ಕ) ಇರುತ್ತದೆ. ಅಂದರೆ ಸೆಲ್‌ನ ಹೊರಗೆ ಕರಗಿರುವ ಕಣಗಳು ಒಂದೇ ಏಟಿಗೆ ಎರಡರಷ್ಟು! ನಮ್ಮೂರು ಶ್ರೀನಿವಾಸಪುರ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಗೆ ತುಂಬಿದರೆ, ಬೆಳಗಾಗುವಷ್ಟರಲ್ಲಿ ನೀರು ಬಿಟ್ಟು ಹೋಳು ಮುದುಡಿರುತ್ತದೆ, ಅಲ್ವಾ? ನನ್ನ ಸೆಲ್ಸ್‌ಗೂ ಆಗಿದ್ದು ಅದೇ. ಹೊರಗಿನ ಪರೀಕ್ಷಕರು ಕೇಳಿದ್ದು ಒಂದೇ ಮಾತು: "ಮ್ಯಾನಿಟಾಲ್ ಕಂಟ್ರೋಲ್ ಎಲ್ಲಮ್ಮಾ?" ಕ್ಸೈಲಿಟಾಲ್‌ನಷ್ಟೇ ಕಣಗಳನ್ನು ಸೇರಿಸುವ ಬೇರೊಂದು ಪದಾರ್ಥ ಅದು; ಕೆಟ್ಟದ್ದು ಕ್ಸೈಲಿಟಾಲ್‌ನಿಂದಲೋ ಬರೀ ನೀರು ಬಿಟ್ಟದ್ದರಿಂದಲೋ ಎಂದು ತಿಳಿಯಲು ಇಡುವುದು. ನಾನು ಇಟ್ಟಿರಲೇ ಇಲ್ಲ. ಹೊಸ ಹಲ್ಲು ತಂದು ಮತ್ತೆ ಮಾಡಿದಾಗ ಮ್ಯಾನಿಟಾಲ್ ವೆಲ್‌ಗಳೂ ಹೆಚ್ಚುಕಮ್ಮಿ ಅಷ್ಟೇ ಹಳದಿ. ಅಂದರೆ ದೋಷ ಹೆಚ್ಚಾಗಿ ಕಣಗಳ ಸಾಂದ್ರತೆಯದು, ಕ್ಸೈಲಿಟಾಲ್‌ನದಲ್ಲ.

ಇಡುವಾಗ ತೂಕ ಸಮ ಮಾಡಬೇಡಿ, ಮೋಲ್ ಸಮ ಮಾಡಿ. ಮ್ಯಾನಿಟಾಲ್ ಅಣುತೂಕ 182, ಹಾಗಾಗಿ 50 ಗ್ರಾಂ ಕ್ಸೈಲಿಟಾಲ್‌ಗೆ 60 ಗ್ರಾಂ ಬೇಕು. ಎಂಟಿಟಿ ತೋರಿಸುವುದು ಸೆಲ್‌ಗಳ ಚಟುವಟಿಕೆಯನ್ನು, ಸಂಖ್ಯೆಯನ್ನಲ್ಲ. ಟ್ರಿಪಾನ್ ಬ್ಲೂ (ಸತ್ತ ಸೆಲ್ಸ್‌ಗೆ ಹತ್ತುವ ನೀಲಿ ಬಣ್ಣ) ಹಾಕಿ ಎಣಿಸಿ ಕೂಡ ನೋಡಿ.

ಇನ್ನು "ಸುರಕ್ಷಿತ ಡೋಸ್" ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಚೂಯಿಂಗ್ ಗಮ್‌ನ ಕ್ಸೈಲಿಟಾಲ್ ತಾಗುವುದು ಎನಾಮಲ್‌ಗೆ, ಒಸಡಿಗೆ. ತಿರುಳು ಇರುವುದು ಎನಾಮಲ್, ಡೆಂಟಿನ್ ಎರಡರ ಹಿಂದೆ. ಅದಕ್ಕೆ ಊಟ ಬರುವುದು ರಕ್ತದಿಂದ. ಗಟ್ಟಿ ಹಲ್ಲಿನೊಳಗೆ 5% ಕ್ಸೈಲಿಟಾಲ್ ಹೋಗುವುದೆಲ್ಲಿಂದ? ಕ್ಸೈಲಿಟಾಲ್ ಬೇಕೇ ಬೇಕು ಎಂದರೆ ಒಸಡಿನ ಫೈಬ್ರೋಬ್ಲಾಸ್ಟ್ (ಅಂಗಾಂಶದ ನಾರು ಕಟ್ಟುವ ಸೆಲ್ಸ್) ತೆಗೆದುಕೊಳ್ಳಿ. ತಿರುಳೇ ಬೇಕಾದರೆ ಗ್ಲೂಕೋಸ್ ನೋಡಿ, ನಮ್ಮ ಕಡೆ ಸಕ್ಕರೆ ಕಾಯಿಲೆಯವರೇನು ಕಡಿಮೆ ಇಲ್ಲ. ಹೈ ಗ್ಲೂಕೋಸ್ ಡಿಎಂಇಎಂ ಎಂಬ ಮೀಡಿಯಂನಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ರಕ್ತಪರೀಕ್ಷೆಯ ಲೆಕ್ಕದಲ್ಲಿ ಅದು 450! ಕಂಟ್ರೋಲ್ ಎಂದುಕೊಂಡಿರುವ ವೆಲ್ಲೇ ಸಕ್ಕರೆಯಲ್ಲಿ ಮುಳುಗಿರಬಹುದು. 1 ಗ್ರಾಂನದು ಸಿಗುತ್ತದೆ, ಅದನ್ನು ತರಿಸಿ.

ಮೀಡಿಯಂ ಬಾಟಲಿಯ ಲೇಬಲ್ ಇವತ್ತೇ ಓದಿ. ಮ್ಯಾನಿಟಾಲ್ ಬರುವ ತನಕ ಮುಂದಿನ ಪ್ಲೇಟ್ ಹಾಕಬೇಡಿ. ಯಾರೋ ನಂಬಿ ಕೊಟ್ಟ ಹಲ್ಲು ಅದು.